ಹಳೆಯ ಡೆಸ್ಕ್‌ಟಾಪ್ ತೆಗೆಯದೆ ಹೊಸದಕ್ಕೆ ಹೋಗುವ ಬಗೆ: ಉಬುಂಟುವಿನಲ್ಲಿ ಗ್ನೋಮ್ ಪಕ್ಕಕ್ಕೆ ಎಕ್ಸ್‌ಎಫ್‌ಸಿಇ

[ದೃಶ್ಯ: ಉಬುಂಟು 24.04ರ ಲಾಗಿನ್ ಪರದೆ. ಬಳಕೆದಾರರ ಹೆಸರನ್ನು ಒತ್ತಿದೊಡನೆ ಕೆಳಗಿನ ಬಲಮೂಲೆಯಲ್ಲಿ ಹಲ್ಲುಚಕ್ರದ ಚಿಹ್ನೆ ಮೂಡುತ್ತದೆ.]

ನಮಸ್ಕಾರ. ಪರದೆಯ ಬಲಮೂಲೆಯಲ್ಲಿ ಈಗಷ್ಟೇ ಮೂಡಿದ ಈ ಪುಟ್ಟ ಹಲ್ಲುಚಕ್ರವನ್ನು ಗಮನಿಸಿ. ಹೆಸರನ್ನು ಒತ್ತುವವರೆಗೆ ಇದು ಅಲ್ಲಿ ಇರುವುದೇ ಇಲ್ಲ. ಒತ್ತಿದ ಮೇಲೆ ನಮ್ಮ ಕಣ್ಣು ಪಾಸ್‌ವರ್ಡ್ ಪೆಟ್ಟಿಗೆಯ ಕಡೆಗೆ ಹೋಗುವುದರಿಂದ ಇದ್ದರೂ ಕಾಣುವುದಿಲ್ಲ. ವರ್ಷಗಟ್ಟಲೆ ಉಬುಂಟು ಎಂಬ ಈ ಲಿನಕ್ಸ್ ಬಳಸಿದವರು ಸಹ ಇದನ್ನು ನೋಡಿಯೇ ಇಲ್ಲ ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ಇಂದು ನಾವು ಮಾಡಲಿರುವ ಕೆಲಸವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಚಿಹ್ನೆಯ ಬಳಿಯಲ್ಲೇ.

ಲಿನಕ್ಸ್‌ಗೆ ಹೊಸದಾಗಿ ಬಂದವರು ಕೆಲವು ವಾರಗಳಾದ ಮೇಲೆ ಸಾಮಾನ್ಯವಾಗಿ ಎರಡು ದೂರುಗಳನ್ನು ಹೇಳುತ್ತಾರೆ. ಒಂದು, ಲ್ಯಾಪ್‌ಟಾಪ್ ಭಾರವಾಗಿ ನಡೆಯುತ್ತಿದೆ ಎಂಬುದು. ಇನ್ನೊಂದು, ಕೆಳಗಿರಬೇಕಾದ ಪಟ್ಟಿ ಎಡಗಡೆಗೆ ಬಂದು ಕುಳಿತಿದೆ, ಯಾವುದೂ ಕೈಗೆ ಒಗ್ಗುತ್ತಿಲ್ಲ ಎಂಬುದು. ಅದನ್ನು ಕೇಳಿದ ಗೆಳೆಯರು, "ಇದನ್ನು ತೆಗೆದು ಬೇರೆ ಲಿನಕ್ಸ್ ಹಾಕಿಕೊಳ್ಳಿ" ಎಂದು ಸಲಹೆ ಕೊಡುತ್ತಾರೆ. ಆ ಸಲಹೆಯನ್ನು ನಂಬಿ, ಚೆನ್ನಾಗಿಯೇ ನಡೆಯುತ್ತಿದ್ದ ವೈಫೈ, ಪ್ರಿಂಟರ್, ಕನ್ನಡ ಟೈಪಿಂಗ್ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡಿದವರು ಎಷ್ಟೋ ಮಂದಿ. ಅವರಿಗೆ ಒಗ್ಗದೆ ಇದ್ದದ್ದು ಲಿನಕ್ಸ್ ಅಲ್ಲ, ಅದರ ಮೇಲಿನ ಒಂದು ಪದರ ಮಾತ್ರ. ಆ ಪದರವನ್ನೇ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್, ಚಿಕ್ಕದಾಗಿ ಡೆಸ್ಕ್‌ಟಾಪ್ ಎನ್ನುತ್ತಾರೆ. ಉಬುಂಟುವಿನ ಜೊತೆಗೇ ಬರುವ ಗ್ನೋಮ್ ಅಂಥದ್ದೊಂದು ಪದರ, ನಾವು ಇಂದು ಅದರ ಪಕ್ಕಕ್ಕೆ ಹಾಕಲಿರುವ ಎಕ್ಸ್‌ಎಫ್‌ಸಿಇ ಇನ್ನೊಂದು.

[ದೃಶ್ಯ: ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದೇ ಡಾಕ್ಯುಮೆಂಟ್ಸ್ ಫೋಲ್ಡರ್ ಮೊದಲು ಗ್ನೋಮ್‌ನಲ್ಲಿ, ನಂತರ ಎಕ್ಸ್‌ಎಫ್‌ಸಿಇಯಲ್ಲಿ ತೆರೆದುಕೊಳ್ಳುತ್ತದೆ.]

ಕಿಟಕಿಗಳ ಚೌಕಟ್ಟು, ಅವನ್ನು ಸರಿಸುವ ರೀತಿ, ಮೆನು, ಗಡಿಯಾರವಿರುವ ಪಟ್ಟಿ, ಕಡತಗಳನ್ನು ತೋರಿಸುವ ಪ್ರೋಗ್ರಾಂ, ಸೆಟ್ಟಿಂಗ್ಸ್ ಪುಟ, ಇವೆಲ್ಲ ಡೆಸ್ಕ್‌ಟಾಪಿಗೆ ಸೇರಿದವು. ವ್ಯವಸ್ಥೆಯ ತಿರುಳಾದ ಕರ್ನೆಲ್, ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್‌ಗಳು, ನೀವು ಹಾಕಿಕೊಂಡ ಬ್ರೌಸರ್, ಲಿಬ್ರೆ ಆಫೀಸ್, ನಿಮ್ಮ ಫೋಟೋಗಳು ಮತ್ತು ಪತ್ರಗಳು ಅದರ ಕೆಳಗಿನ ವ್ಯವಸ್ಥೆಗೆ ಸೇರಿದವು. ಡೆಸ್ಕ್‌ಟಾಪ್ ಬದಲಾದರೆ ಅವು ಇದ್ದಲ್ಲೇ ಇರುತ್ತವೆ. ಪರದೆಯಲ್ಲಿ ನೋಡಿದಿರಲ್ಲ, ಕಡತಗಳು ಅವೇ, ತೋರಿಸುವ ಪ್ರೋಗ್ರಾಂ ಮಾತ್ರ ಬೇರೆ.

ಇಷ್ಟೊಂದು ಡೆಸ್ಕ್‌ಟಾಪ್‌ಗಳು ಯಾಕಿವೆ ಎಂಬ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. 1996ರ ಅಕ್ಟೋಬರ್‌ನಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್, ಒಂದೊಂದು ಪ್ರೋಗ್ರಾಂ ಒಂದೊಂದು ರೀತಿ ಕಾಣುತ್ತಿದ್ದ ಆಗಿನ ಗೊಂದಲವನ್ನು ನೀಗಿಸಲು ಕೆಡಿಇ ಯೋಜನೆಯನ್ನು ಘೋಷಿಸಿದರು. ಅದು ನಿಂತಿದ್ದ ಕ್ಯೂಟಿ ಎಂಬ ಅಡಿಪಾಯದ ಪರವಾನಗಿ ಆಗ ಪೂರ್ಣ ಸ್ವತಂತ್ರವಾಗಿರಲಿಲ್ಲ. ಆ ಆಕ್ಷೇಪದಿಂದಲೇ 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೊ ಮೇನಾ ಗ್ನೋಮ್ ಆರಂಭಿಸಿದರು. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಂದು, ಕೆಳಗಿನ ಪಟ್ಟಿಯನ್ನೂ ಹಳೆಯ ಮೆನುವನ್ನೂ ಕೈಬಿಟ್ಟಾಗ, ಹಳೆಯ ರೀತಿಯೇ ಬೇಕೆಂದವರು ಗ್ನೋಮ್ 2ನ್ನು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಲಿನಕ್ಸ್ ಮಿಂಟ್ ತಂಡ ಸಿನಮನ್ ಕಟ್ಟಿತು. ಉಬುಂಟು ಕೂಡ ಕೆಲವು ವರ್ಷ ಯೂನಿಟಿ ಎಂಬ ತನ್ನದೇ ದಾರಿ ಹಿಡಿದು, 2017ರ ಅಕ್ಟೋಬರ್‌ನಲ್ಲಿ ಗ್ನೋಮ್‌ಗೆ ಮರಳಿತು. ಫ್ರಾನ್ಸ್‌ನ ಒಲಿವಿಯೆ ಫೂರ್ದಾನ್ 1996ರಲ್ಲೇ ಆರಂಭಿಸಿದ ಎಕ್ಸ್‌ಎಫ್‌ಸಿಇ ಇವೆಲ್ಲವುಗಳ ನಡುವೆ ಸದ್ದಿಲ್ಲದೆ, ದೊಡ್ಡ ತಿರುವುಗಳಿಲ್ಲದೆ ಬೆಳೆದುಬಂದಿದೆ. ಹೀಗೆ ಒಂದೊಂದು ಡೆಸ್ಕ್‌ಟಾಪಿನ ಹಿಂದೆಯೂ ಕೆಲಸ ಮಾಡುವ ರೀತಿಯ ಬಗ್ಗೆ ಒಂದು ನಿಲುವಿದೆ. ನಿಮಗೆ ಗ್ನೋಮ್ ಒಗ್ಗದೆ ಹೋದರೆ ಅದು ನಿಮ್ಮ ತಪ್ಪೂ ಅಲ್ಲ, ಗ್ನೋಮ್‌ನ ತಪ್ಪೂ ಅಲ್ಲ.

ಆಯ್ಕೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ವಿಂಡೋಸ್ ಅಭ್ಯಾಸದಿಂದ ಬಂದವರಿಗೆ, ಯಂತ್ರವೂ ತಕ್ಕಮಟ್ಟಿಗೆ ಹೊಸದಾಗಿದ್ದರೆ, ಕೆಡಿಇಯವರ ಡೆಸ್ಕ್‌ಟಾಪ್ ಆದ ಪ್ಲಾಸ್ಮಾ ಒಳ್ಳೆಯದು. 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪಿಗೆ ಎಕ್ಸ್‌ಎಫ್‌ಸಿಇ. ಸಿನಮನ್ ಇಷ್ಟವಾದರೆ ಅದನ್ನು ಉಬುಂಟುವಿಗೆ ತಂದು ಕೂರಿಸುವುದಕ್ಕಿಂತ, ಅದನ್ನು ಕಟ್ಟಿದ ಲಿನಕ್ಸ್ ಮಿಂಟ್‌ನಲ್ಲೇ ಬಳಸುವುದು ಮೇಲು.

ವೇಗದ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಲಾಗಿನ್ ಆದ ಕೂಡಲೇ, ಆದೇಶಗಳನ್ನು ಬರೆದು ಕೊಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ "ಫ್ರೀ" ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು "ಎಚ್" ಸೇರಿಸಿ ಎಂಟರ್ ಒತ್ತಿದರೆ, ಎಷ್ಟು ರ‍್ಯಾಮ್ ಬಳಕೆಯಲ್ಲಿದೆ ಎಂಬುದು ಕಾಣುತ್ತದೆ. ಎರಡೂ ಡೆಸ್ಕ್‌ಟಾಪಿನಲ್ಲಿ ಇದನ್ನು ನೋಡಿ ಬರೆದಿಟ್ಟುಕೊಳ್ಳಿ. ಎಕ್ಸ್‌ಎಫ್‌ಸಿಇಯ ಅಂಕಿ ಕಡಿಮೆಯಿರುತ್ತದೆ. ಆದರೆ ಬ್ರೌಸರ್ ತೆರೆದು ಹತ್ತು ಹನ್ನೆರಡು ಟ್ಯಾಬ್ ಇಟ್ಟ ಮೇಲೆ, ಉಳಿಸಿದ ರ‍್ಯಾಮ್‌ನ ಬಹುಪಾಲನ್ನು ಬ್ರೌಸರೇ ನುಂಗುತ್ತದೆ. ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಅದರ ಜಾಗಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸುವುದರಿಂದ ಆಗುವ ಉಪಕಾರ ಯಾವ ಡೆಸ್ಕ್‌ಟಾಪಿನಿಂದಲೂ ಆಗುವುದಿಲ್ಲ.

[ದೃಶ್ಯ: ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಯೂಸರ್ಸ್ ಪುಟ. ಹೊಸ ಖಾತೆಯೊಂದು ಸೇರಿಕೊಳ್ಳುತ್ತದೆ.]

ಈಗ ಕೆಲಸಕ್ಕೆ ಇಳಿಯೋಣ. ಮೊದಲಿಗೆ ಮುಖ್ಯವಾದ ಕಡತಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಆಮೇಲೆ ಪ್ರಯೋಗಕ್ಕೆಂದೇ ಒಂದು ಹೊಸ ಬಳಕೆದಾರ ಖಾತೆಯನ್ನು ತೆರೆಯಿರಿ. ಬಹಳಷ್ಟು ಮಂದಿ ಬಿಟ್ಟುಬಿಡುವ ಹೆಜ್ಜೆ ಇದು, ನಾನು ಒತ್ತಿ ಹೇಳಬಯಸುವ ಹೆಜ್ಜೆಯೂ ಇದೇ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಕಾನ್ಫಿಗ್ ಎಂಬ ಅಡಗಿದ ಫೋಲ್ಡರ್ ಇದೆ. ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅದು ಕಾಣುತ್ತದೆ. ಎಲ್ಲ ಡೆಸ್ಕ್‌ಟಾಪ್‌ಗಳೂ ತಮ್ಮ ಸೆಟ್ಟಿಂಗ್‌ಗಳನ್ನು ಬರೆದಿಡುವುದು ಅಲ್ಲೇ, ಮತ್ತು ಕೆಲವು ಕಡತಗಳನ್ನು ಅವು ಹಂಚಿಕೊಳ್ಳುತ್ತವೆ. ಉದಾಹರಣೆಗೆ, ಪ್ಲಾಸ್ಮಾ ತನ್ನ ಬಣ್ಣ, ಅಕ್ಷರಶೈಲಿ ಮತ್ತು ಮೌಸ್ ಬಾಣದ ಆಕಾರವನ್ನು ಜಿಟಿಕೆ ಪ್ರೋಗ್ರಾಂಗಳಿಗೂ, ಅಂದರೆ ಗ್ನೋಮ್ ಬಳಸುವ ಅಡಿಪಾಯದ ಮೇಲೆ ಕಟ್ಟಿದ ಪ್ರೋಗ್ರಾಂಗಳಿಗೂ, ಅನ್ವಯವಾಗುವಂತೆ ಬರೆಯುತ್ತದೆ. ಮರಳಿ ಗ್ನೋಮ್‌ಗೆ ಬಂದಾಗ ಗುಂಡಿಗಳು, ಐಕಾನ್‌ಗಳು ಬೇರೆ ರೀತಿ ಕಂಡರೆ ಕಾರಣ ಅದೇ. ಪ್ರಯೋಗ ಬೇರೆ ಖಾತೆಯಲ್ಲಿ ನಡೆದರೆ ನಿಮ್ಮ ನಿತ್ಯದ ಖಾತೆಗೆ ಈ ಕಲಬೆರಕೆ ತಾಗುವುದಿಲ್ಲ.

[ದೃಶ್ಯ: ಟರ್ಮಿನಲ್. ಆದೇಶಗಳು ಒಂದೊಂದಾಗಿ ದೊಡ್ಡ ಅಕ್ಷರಗಳಲ್ಲಿ ಮೂಡುತ್ತವೆ.]

ನಿಮ್ಮ ಮೂಲ ಖಾತೆಯಲ್ಲಿ ಟರ್ಮಿನಲ್ ತೆರೆದು, ಮೊದಲು "ಸುಡೋ ಆಪ್ಟ್ ಅಪ್‌ಡೇಟ್" ಎಂಬ ಆದೇಶ ಕೊಡಿ. ಅದು ಮುಗಿದ ಮೇಲೆ "ಸುಡೋ ಆಪ್ಟ್ ಇನ್‌ಸ್ಟಾಲ್ ಎಕ್ಸ್‌ಎಫ್‌ಸಿಇ4" ಎಂದು ಕೊಡಿ. ಪಾಸ್‌ವರ್ಡ್ ಬರೆಯುವಾಗ ಪರದೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದು ಗಾಬರಿಯಾಗದೆ ಬರೆದು ಎಂಟರ್ ಒತ್ತಿ. "ಕ್ಸುಬುಂಟು ಡೆಸ್ಕ್‌ಟಾಪ್" ಎಂಬ ದೊಡ್ಡ ಪ್ಯಾಕೇಜ್, ಅಂದರೆ ಹಾಕಿಕೊಳ್ಳಲು ಸಿದ್ಧವಾದ ತಂತ್ರಾಂಶದ ಕಟ್ಟು, ಕೂಡ ಇದೆ. ಅದು ಎಕ್ಸ್‌ಎಫ್‌ಸಿಇಯ ಜೊತೆಗೆ ತನ್ನದೇ ಆದ ಹತ್ತಾರು ಪ್ರೋಗ್ರಾಂಗಳನ್ನು ತರುತ್ತದೆ, ಯಂತ್ರ ಆನ್ ಆಗುವಾಗ ಕಾಣುವ ಲೋಗೋವನ್ನು ಸಹ ಬದಲಾಯಿಸಬಹುದು. ಮೊದಲ ಪ್ರಯೋಗಕ್ಕೆ ಚಿಕ್ಕದೇ ಸಾಕು.

ನಡುವೆ, ಪಠ್ಯ ಮಾತ್ರವಿರುವ ಒಂದು ಪೆಟ್ಟಿಗೆ ಮೂಡಿ, ಜಿಡಿಎಂ3 ಬೇಕೋ ಲೈಟ್‌ಡಿಎಂ ಬೇಕೋ ಎಂದು ಕೇಳಬಹುದು. ಇಲ್ಲಿ ಮೌಸ್ ಕೆಲಸ ಮಾಡದೆ ಇರುವುದರಿಂದ ಹೊಸಬರು ಕಂಗೆಡುತ್ತಾರೆ. ಬಾಣದ ಕೀಲಿಯಿಂದ ಆಯ್ದು, ಟ್ಯಾಬ್ ಕೀಲಿಯಿಂದ ಓಕೆಗೆ ಹೋಗಿ, ಎಂಟರ್ ಒತ್ತಬೇಕು. ಯಂತ್ರ ಆನ್ ಆದಾಗ ಹೆಸರು, ಪಾಸ್‌ವರ್ಡ್ ಕೇಳುವ ಬಾಗಿಲು ಯಾವುದಿರಲಿ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಯಾವ ಬಾಗಿಲಿನಿಂದಲೂ ಎರಡೂ ಡೆಸ್ಕ್‌ಟಾಪಿಗೆ ಹೋಗಬಹುದು. ಈಗಾಗಲೇ ಇರುವ ಜಿಡಿಎಂ3ನ್ನೇ ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಒಂದು ಸಲಕ್ಕೆ ಒಂದೇ ವಸ್ತು ಬದಲಾದರೆ, ತೊಂದರೆ ಬಂದಾಗ ಅದರ ಮೂಲ ಹುಡುಕುವುದು ಸುಲಭ.

ಇನ್ನು ಲಾಗ್ ಔಟ್ ಮಾಡಿ, ಹೊಸ ಖಾತೆಯ ಹೆಸರನ್ನು ಒತ್ತಿ, ಆರಂಭದಲ್ಲಿ ತೋರಿಸಿದ ಹಲ್ಲುಚಕ್ರವನ್ನು ಒತ್ತಿ, ಪಟ್ಟಿಯಲ್ಲಿ ಎಕ್ಸ್‌ಎಫ್‌ಸಿಇ ಸೆಷನ್ ಆಯ್ದು, ಪಾಸ್‌ವರ್ಡ್ ಕೊಡಿ. ಆಯ್ಕೆ ಆ ಖಾತೆಗೆ ನೆನಪಿನಲ್ಲಿ ಉಳಿಯುತ್ತದೆ. ಗ್ನೋಮ್‌ಗೆ ಮರಳಬೇಕಾದಾಗ ಅದೇ ಪಟ್ಟಿಯಲ್ಲಿ ಉಬುಂಟು ಎಂಬುದನ್ನು ಆರಿಸಿದರಾಯಿತು.

[ದೃಶ್ಯ: ಎಕ್ಸ್‌ಎಫ್‌ಸಿಇಯಲ್ಲಿ ಪಠ್ಯ ಬರೆಯುವ ಕಿಟಕಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳು ಮೂಡುತ್ತಿವೆ.]

ಕನ್ನಡದಲ್ಲಿ ಬರೆಯುವವರಿಗೆ ಮೊದಲ ಅಡ್ಡಿ ಎದುರಾಗುವುದು ಇಲ್ಲಿ. ಗುಬ್ಬಿ, ನವಿಲು, ಲೋಹಿತ್‌ನಂಥ ಅಕ್ಷರಶೈಲಿಗಳು ಇಡೀ ವ್ಯವಸ್ಥೆಗೆ ಸೇರಿದವಾದ್ದರಿಂದ ಓದುವುದಕ್ಕೆ ತೊಂದರೆಯಿಲ್ಲ. ಬರೆಯುವ ಏರ್ಪಾಡು ಹಾಗಲ್ಲ. ಕನ್ನಡ ಟೈಪಿಂಗ್ ನೋಡಿಕೊಳ್ಳುವ ಐಬಸ್ ಎಂಬ ಪ್ರೋಗ್ರಾಂ ಗ್ನೋಮ್‌ನೊಳಗೇ ಬೆಸೆದುಕೊಂಡಿದೆ, ಅದು ಇದೆ ಎಂಬ ಅರಿವೂ ನಮಗಿರುವುದಿಲ್ಲ. ಎಕ್ಸ್‌ಎಫ್‌ಸಿಇಯಲ್ಲಿ ಅದು ತಾನಾಗಿ ಶುರುವಾಗದೆ ಇರಬಹುದು. ಆಗ "ಐಬಸ್ ಎಂ17ಎನ್" ಪ್ಯಾಕೇಜ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮೂಲ ಖಾತೆಯಿಂದ ಹಾಕಿ. "ಐಎಂ ಕಾನ್ಫಿಗ್" ಎಂಬ ಪ್ರೋಗ್ರಾಂ ತೆರೆದು ಐಬಸ್ ಆರಿಸಿ, ಒಮ್ಮೆ ಲಾಗ್ ಔಟ್ ಮಾಡಿ ಒಳಗೆ ಬನ್ನಿ. ನಂತರ ಐಬಸ್ ಸೆಟ್ಟಿಂಗ್‌ಗಳಲ್ಲಿ ಕನ್ನಡ ಕೆಜಿಪಿ ಸೇರಿಸಿ, ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ನಮ್ಮ ಕೈಬೆರಳುಗಳಿಗೆ ಪರಿಚಿತವಾದ ವಿನ್ಯಾಸ ಅದು. ಹೊಸ ಡೆಸ್ಕ್‌ಟಾಪ್ ಎಷ್ಟೇ ಚೆಂದವಿರಲಿ, ಅದರಲ್ಲಿ ಒತ್ತಕ್ಷರ ಸರಿಯಾಗಿ ಬರುವವರೆಗೆ ಅದು ನಮ್ಮ ಮನೆಯಾಗುವುದಿಲ್ಲ. ಆದ್ದರಿಂದ ವಾಲ್‌ಪೇಪರ್ ಬದಲಾಯಿಸುವ ಮೊದಲು ಈ ಕೆಲಸ ಮುಗಿಸಿಕೊಳ್ಳಿ.

ಎರಡನೆಯ ಅಡ್ಡಿ ಪ್ಲಾಸ್ಮಾ ಆರಿಸಿಕೊಂಡವರಿಗೆ ಬರುವಂಥದ್ದು, ಮತ್ತು ಕಾರಣ ಗೊತ್ತಿಲ್ಲದಿದ್ದರೆ ನಿಜಕ್ಕೂ ಎದೆ ಒಡೆಸುವಂಥದ್ದು. ನಿತ್ಯದ ಖಾತೆಯಲ್ಲೇ ಗ್ನೋಮ್ ಬಿಟ್ಟು ಪ್ಲಾಸ್ಮಾಕ್ಕೆ ಹೋಗಿ ಬ್ರೌಸರ್ ತೆರೆದಾಗ, ಮೇಲ್ ಸಹಿತ ಎಲ್ಲ ಖಾತೆಗಳಿಂದಲೂ ಲಾಗ್ ಔಟ್ ಆಗಿರಬಹುದು, ಉಳಿಸಿಟ್ಟ ಪಾಸ್‌ವರ್ಡ್‌ಗಳು ಕಾಣದಿರಬಹುದು. ಅವು ಅಳಿಸಿಹೋಗಿಲ್ಲ. ಕ್ರೋಮಿಯಂ ಆಧಾರಿತ ಬ್ರೌಸರ್‌ಗಳು ಅವನ್ನು ಬೀಗ ಹಾಕಿ ಇಡುತ್ತವೆ, ಬೀಗದ ಕೈಯನ್ನು ಡೆಸ್ಕ್‌ಟಾಪಿನ ವಶಕ್ಕೆ ಕೊಡುತ್ತವೆ: ಗ್ನೋಮ್‌ನಲ್ಲಿ ಅದು ಗ್ನೋಮ್ ಕೀರಿಂಗ್, ಪ್ಲಾಸ್ಮಾದಲ್ಲಿ ಕೆವಾಲೆಟ್. ಪ್ಲಾಸ್ಮಾದಲ್ಲಿ ಬ್ರೌಸರ್ ಕೆವಾಲೆಟ್‌ನ ಕಡೆ ನೋಡುತ್ತದೆ, ಅಲ್ಲಿ ಹಳೆಯ ಕೀಲಿ ಇರುವುದಿಲ್ಲ. ಆಗ ಏನನ್ನೂ ಅಳಿಸಬೇಡಿ, ಮತ್ತೆ ಲಾಗಿನ್ ಆಗಲು ಅವಸರಪಡಲೂ ಬೇಡಿ. ಬ್ರೌಸರ್ ಮುಚ್ಚಿ, ಗ್ನೋಮ್‌ಗೆ ಹೋಗಿ, ಪಾಸ್‌ವರ್ಡ್‌ಗಳನ್ನು ಕಡತವಾಗಿ ಹೊರತೆಗೆದು, ಪ್ಲಾಸ್ಮಾದಲ್ಲಿ ಒಳಸೇರಿಸಿ, ಆ ಕಡತವನ್ನು ಕೂಡಲೇ ಅಳಿಸಿ. ಅದರಲ್ಲಿ ಪಾಸ್‌ವರ್ಡ್‌ಗಳು ಯಾರು ಬೇಕಾದರೂ ಓದುವಂತೆ ಇರುತ್ತವೆ. ಫೈರ್‌ಫಾಕ್ಸ್ ತನ್ನ ಪಾಸ್‌ವರ್ಡ್‌ಗಳನ್ನು ತಾನೇ ಇಟ್ಟುಕೊಳ್ಳುವುದರಿಂದ ಅದಕ್ಕೆ ಈ ತೊಂದರೆಯಿಲ್ಲ.

[ದೃಶ್ಯ: ಕಪ್ಪು ಪರದೆ. ಮೇಲೆ ಎಡಗಡೆ "ಲಾಗಿನ್" ಎಂಬ ಪದ ಮಾತ್ರ.]

ಯಂತ್ರ ಆನ್ ಮಾಡಿದಾಗ ಲಾಗಿನ್ ಪರದೆಯೇ ಬಾರದೆ ಕಪ್ಪಾಗಿ ನಿಂತರೆ, ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ. ಚಿತ್ರಗಳಿಲ್ಲದ ಈ ಪರದೆ ತೆರೆದುಕೊಳ್ಳುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬಂದು, ಪರದೆಯಲ್ಲಿ ತೋರಿಸುತ್ತಿರುವ "ಸುಡೋ ಡಿಪಿಕೆಜಿ ರೀಕಾನ್ಫಿಗರ್ ಜಿಡಿಎಂ3" ಆದೇಶ ಕೊಟ್ಟರೆ, ಬಾಗಿಲು ಯಾವುದೆಂಬ ಆ ಹಳೆಯ ಪ್ರಶ್ನೆ ಮತ್ತೆ ಬರುತ್ತದೆ. ಜಿಡಿಎಂ3 ಆರಿಸಿ, ಯಂತ್ರವನ್ನು ಮತ್ತೆ ಆರಂಭಿಸಿ.

ಒಂದು ತಿಂಗಳು ಬಳಸಿದ ಮೇಲೆ ಎಕ್ಸ್‌ಎಫ್‌ಸಿಇ ಬೇಡ ಎನಿಸಬಹುದು. "ಸುಡೋ ಆಪ್ಟ್ ರಿಮೂವ್ ಎಕ್ಸ್‌ಎಫ್‌ಸಿಇ4" ಎಂದರೆ ಹೋಗುವುದು ಹೆಸರು ಮಾತ್ರ, ಏಕೆಂದರೆ ಆ ಪ್ಯಾಕೇಜ್ ಬೇರೆ ಪ್ಯಾಕೇಜ್‌ಗಳ ಒಂದು ಪಟ್ಟಿಯಷ್ಟೇ. ಅದು ಕರೆತಂದವುಗಳಲ್ಲಿ ಹೆಚ್ಚಿನವು ಉಳಿದೇ ಇರುತ್ತವೆ. ಅವನ್ನು ತೆಗೆಯಲು "ಸುಡೋ ಆಪ್ಟ್ ಆಟೋರಿಮೂವ್" ಎಂಬ ಆದೇಶವಿದೆ. ಅಂದು ಏನೇನು ಬಂದಿತ್ತು ಎಂಬುದು ವರ್ ಫೋಲ್ಡರಿನ ಲಾಗ್ ಒಳಗಿನ ಆಪ್ಟ್ ಎಂಬ ಜಾಗದಲ್ಲಿ, ಹಿಸ್ಟರಿ ಕಡತದಲ್ಲಿ ತಾರೀಖಿನ ಸಮೇತ ದಾಖಲಾಗಿರುತ್ತದೆ.

[ದೃಶ್ಯ: ಆಟೋರಿಮೂವ್ ತೋರಿಸುವ ಪಟ್ಟಿ ನಿಧಾನವಾಗಿ ಮೇಲೇರುತ್ತದೆ. ಕೊನೆಯಲ್ಲಿ ವೈ ಅಥವಾ ಎನ್ ಎಂಬ ಪ್ರಶ್ನೆ.]

ಆಟೋರಿಮೂವ್ ಅಳಿಸುವ ಮೊದಲು ಅಳಿಸಲಿರುವವುಗಳ ಪಟ್ಟಿಯನ್ನು ತೋರಿಸಿ ಒಪ್ಪಿಗೆ ಕೇಳುತ್ತದೆ. ಆ ಪಟ್ಟಿಯನ್ನು ಹಿಸ್ಟರಿ ಕಡತದ ಜೊತೆಗಿಟ್ಟು, ಒಂದೊಂದು ಹೆಸರನ್ನೂ ಓದಿ. ಅದರಲ್ಲಿ ಜಿಡಿಎಂ3, ಉಬುಂಟು ಡೆಸ್ಕ್‌ಟಾಪ್ ಅಥವಾ ನೆಟ್‌ವರ್ಕ್ ಮ್ಯಾನೇಜರ್ ಎಂಬ ಹೆಸರು ಕಂಡರೆ ಎನ್ ಒತ್ತಿ ಹೊರಬನ್ನಿ. ನೆಟ್‌ವರ್ಕ್ ಮ್ಯಾನೇಜರ್ ಹೋಯಿತೆಂದರೆ ವೈಫೈ ಹೋಯಿತು, ವೈಫೈ ಇಲ್ಲದೆ ಅದನ್ನು ಮರಳಿ ತರಿಸಿಕೊಳ್ಳಲು ಇನ್ನೊಂದು ಯಂತ್ರವನ್ನೋ ತಂತಿಯ ಸಂಪರ್ಕವನ್ನೋ ಹುಡುಕಬೇಕಾಗುತ್ತದೆ.