ನೀರು ಬಂದ ಊರು, ನೀರು ಬಾರದ ಊರು

ಮಾನ್ಯರೇ,

ಸಮಾಜ ಬದಲಾಗುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಯಾವ ಕಾರಣದಿಂದ, ಯಾರ ಬದುಕಿನಲ್ಲಿ, ಎಷ್ಟರ ಮಟ್ಟಿಗೆ ಎಂದು ಕೇಳಿದಾಗ ಸಂಶೋಧಕರ ಕಷ್ಟ ಶುರುವಾಗುತ್ತದೆ. ಆ ಕಷ್ಟವನ್ನು ಮಂಡ್ಯ ಸೀಮೆಯ ಎರಡು ಹಳ್ಳಿಗಳ ಮೂಲಕ ತಮ್ಮ ಮುಂದಿಡಲು ಬಯಸುತ್ತೇನೆ.

ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ನಾಲೆಯ ಮೂಲಕ ಈ ಸೀಮೆಗೆ ಹರಿಯಿತು. 1933ರಲ್ಲಿ ಸಕ್ಕರೆ ಕಂಪನಿಯೂ ಸ್ಥಾಪನೆಯಾಯಿತು. ಮಳೆ ನಂಬಿ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಕಬ್ಬು, ಭತ್ತ ಬಂದವು. ವಿಯೆನ್ನಾದಲ್ಲಿ ಹುಟ್ಟಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಓದಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಲ್ಲಿ ಇಲ್ಲಿಗೆ ಬಂದು, ಎರಡು ಹಳ್ಳಿಗಳನ್ನು ಆರಿಸಿಕೊಂಡು, ಬರವಣಿಗೆಯಲ್ಲಿ ಅವುಗಳ ನಿಜನಾಮ ಮರೆಮಾಚಿ ವಂಗಲ, ದಲೇನ ಎಂದು ಕರೆದರು. ಎರಡರಲ್ಲೂ ಒಕ್ಕಲಿಗರದೇ ಪ್ರಾಬಲ್ಯ. ಎರಡಕ್ಕೂ ಮಂಡ್ಯವೇ ಪೇಟೆ. ವಂಗಲದ ಜಮೀನಿಗೆ ನಾಲೆಯ ನೀರು ಸಿಕ್ಕಿತು. ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿಯಿತು.

ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂದು ನಾವು ಊಹಿಸುತ್ತೇವೆ. ಎಪ್‌ಸ್ಟೀನ್ ಕಂಡದ್ದು ಬೇರೆ. ವಂಗಲದವರ ಕೈಯಲ್ಲಿ ಹಣ ಓಡಾಡಿತು, ಆದರೆ ಅವರು ಬೇಸಾಯಗಾರರಾಗಿಯೇ ಉಳಿದರು. ಒಕ್ಕಲಿಗ ಮನೆತನಗಳಿಗೂ ದಲಿತರಾದ ಆದಿಕರ್ನಾಟಕ ಕೂಲಿಗಾರರಿಗೂ ನಡುವೆ ತಲೆಮಾರಿನಿಂದ ನಡೆದುಬಂದ, ವರ್ಷಕ್ಕಿಷ್ಟು ಧಾನ್ಯವೆಂಬ ಕಟ್ಟುಪಾಡು ಮುಂದುವರಿಯಿತು. ಹಳೆಯ ಮುಖಂಡರ ಅಧಿಕಾರವೂ ಬಹುಮಟ್ಟಿಗೆ ಅಲುಗಲಿಲ್ಲ. ದಲೇನದವರು ಮಾತ್ರ ಸುತ್ತಲಿನ ಊರುಗಳ ಏಳಿಗೆಯಲ್ಲಿ ಪಾಲು ಹುಡುಕಿಕೊಂಡು ಹೊರಟರು. ಕೆಲವರು ಬೇರೆ ಊರಿನಲ್ಲಿ ಗದ್ದೆ ಕೊಂಡರು, ಕೆಲವರು ಗಾಡಿ ಹೂಡಿ ಕಬ್ಬು ಸಾಗಿಸಿದರು, ಮಂಡ್ಯದಲ್ಲಿ ನೌಕರಿ ಹಿಡಿದವರೂ ಇದ್ದರು. ಹೊರಗಿನ ಸಂಪಾದನೆ ಊರೊಳಗಿನ ಅಧಿಕಾರದ ಲೆಕ್ಕಾಚಾರವನ್ನೇ ಕದಲಿಸಿತು. ಮನೆತನದ ಹಿರಿಮೆಗಿಂತ ಸ್ವಂತ ಗಳಿಕೆಗೆ ಬೆಲೆ ಬಂತು. ಊಳಿಗದ ಹಳೆಯ ಸಂಬಂಧಗಳು ಕಡಿದುಬಿದ್ದವು.

ಈ ತೀರ್ಮಾನಕ್ಕೆ ಜನಗಣತಿಯ ಪಟ್ಟಿಯೊಂದೇ ಸಾಲದು. ಉದ್ಯೋಗ ಬದಲಾದವರೆಷ್ಟು ಎಂದು ಅದು ಹೇಳೀತು. ನ್ಯಾಯ ಪಂಚಾಯ್ತಿಯಲ್ಲಿ ಯಾರ ಮಾತು ನಡೆಯುತ್ತದೆ, ಮದುವೆ ಮನೆಯಲ್ಲಿ ಯಾರು ಯಾವ ಕೆಲಸಕ್ಕೆ ನಿಲ್ಲುತ್ತಾರೆ ಎಂಬುದು ಊರಿನಲ್ಲಿ ಬಹುಕಾಲ ನೆಲೆಸಿದವರಿಗೇ ತಿಳಿಯುವಂಥದ್ದು. ಆದರೆ ನೆಲೆಸುವುದು ಯಾರ ಜಗಲಿಯ ಮೇಲೆ ಎಂಬ ಪ್ರಶ್ನೆಯೂ ಇದೆ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರಿಗೆ ಊರು ಹೆಚ್ಚಾಗಿ ಕಂಡದ್ದು ಮೇಲುಜಾತಿಯ, ಭೂಮಾಲೀಕರ ಒಡನಾಟದಿಂದ. ಕೇರಿಯಿಂದ ನೋಡಿದ್ದರೆ ಅದೇ ಊರು ಬೇರೆಯಾಗಿ ಕಾಣುತ್ತಿತ್ತೆಂದೇ ನನ್ನ ನಂಬಿಕೆ.

ಎರಡು ಹಳ್ಳಿಗಳ ಹೋಲಿಕೆಯಿಂದ ಇಡೀ ನಾಡಿಗೆ ಅನ್ವಯಿಸುವ ನಿಯಮ ಹೊರಡುವುದಿಲ್ಲ. ನೀರಾವರಿ ಬಂದಲ್ಲೆಲ್ಲ ಸಂಪ್ರದಾಯ ಉಳಿಯುತ್ತದೆಂದು ಇದನ್ನು ಓದಿಕೊಂಡವರು ಅವಸರಪಟ್ಟರು ಎನ್ನಬೇಕು. ಏಕೆಂದರೆ 1970ರಲ್ಲಿ ಎಪ್‌ಸ್ಟೀನ್ ಮರಳಿ ಬಂದು ಅವೇ ಹಳ್ಳಿಗಳನ್ನು ಇನ್ನೊಮ್ಮೆ ಅಧ್ಯಯನ ಮಾಡಿದಾಗ, ಜನಸಂಖ್ಯೆ ಏರಿತ್ತು, ಉಳ್ಳವರಿಗೂ ಇಲ್ಲದವರಿಗೂ ನಡುವಿನ ಅಂತರ ಹಿಗ್ಗಿತ್ತು, ಬರಗಾಲದಲ್ಲೂ ಕೂಲಿಗಾರನ ಮನೆಗೆ ಇಷ್ಟು ಧಾನ್ಯ ತಲುಪಿಸುತ್ತಿದ್ದ ಹಳೆಯ ಹೊಣೆ ವಂಗಲದಲ್ಲೂ ಸಡಿಲಗೊಳ್ಳತೊಡಗಿತ್ತು, ಮತ್ತು ಅದರ ಪೆಟ್ಟು ಮೊದಲು ಬಿದ್ದದ್ದು ಕಡುಬಡವರಾದ ಆದಿಕರ್ನಾಟಕರ ಮೇಲೆ.