ಯಾವ ಚೆನ್ನಮ್ಮ?

ಕೇಳುಗರಿಗೆ ನಮಸ್ಕಾರ.

ಶಾಲಾ ಮಕ್ಕಳ ಭಾಷಣಗಳಲ್ಲಿ ಹೀಗೊಂದು ಮಾತು ಕೇಳಿಬರುವುದುಂಟು: ಕಿತ್ತೂರಿನ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು, ಔರಂಗಜೇಬನ ಸೈನ್ಯವನ್ನು ಎದುರಿಸಿದಳು, ಆಮೇಲೆ ಬ್ರಿಟಿಷರ ಮೇಲೂ ಕತ್ತಿ ಹಿರಿದಳು. ಚಪ್ಪಾಳೆಯೂ ಬೀಳುತ್ತದೆ. ಆದರೆ ರಾಜಾರಾಮ ರಾಯಗಡ ಬಿಟ್ಟು ತೆಂಕಣಕ್ಕೆ ಓಡಿಬಂದದ್ದು 1689ರಲ್ಲಿ. ಕಿತ್ತೂರಿನ ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ. ಹೆಸರು ಒಂದೇ ಆದದ್ದಕ್ಕೆ ಇಬ್ಬರು ರಾಣಿಯರ ಬದುಕು ಒಬ್ಬಳ ಲೆಕ್ಕಕ್ಕೆ ಸೇರಿಹೋಗಿದೆ.

ರಾಜಾರಾಮನಿಗೆ ನೆರವಾದವಳು ಕೆಳದಿಯ ಚೆನ್ನಮ್ಮ. ಪತಿ ಸೋಮಶೇಖರ ನಾಯಕನ ಕೊಲೆಯಾದ ಮೇಲೆ, 1672ರ ಸುಮಾರಿಗೆ ಪಟ್ಟಕ್ಕೆ ಬಂದು ಕಾಲು ಶತಮಾನ ಆಳಿದಳು. ರಾಜಧಾನಿ ಬಿದನೂರು, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರ. ಆಕೆ ದತ್ತು ತೆಗೆದುಕೊಂಡ ಬಸಪ್ಪ ನಾಯಕನೇ ಮುಂದೆ ದೊರೆಯಾಗಿ 'ಶಿವತತ್ತ್ವರತ್ನಾಕರ' ಎಂಬ ಸಂಸ್ಕೃತದ ವಿಶ್ವಕೋಶವನ್ನು ಬರೆದವನು. ಈ ಮನೆತನದ ಕಥೆ ಬೇಕಾದವರು ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ಕ್ಕೆ ಹೋಗಬೇಕು. ಚನ್ನಗಿರಿ ಊರಿಗೆ ಹೆಸರು ಬಂದದ್ದೂ ಈ ಚೆನ್ನಮ್ಮನಿಂದಲೇ ಎಂಬುದು ಅಲ್ಲಿಯವರ ನಂಬಿಕೆ.

ಇನ್ನು ಕಿತ್ತೂರಿನವಳು. ತವರು ಬೆಳಗಾವಿ ಪಕ್ಕದ ಕಾಕತಿ, ಗಂಡ ದೇಸಾಯಿ ಮಲ್ಲಸರ್ಜ. ಮಲ್ಲಸರ್ಜ 1816ರಲ್ಲಿ ತೀರಿಕೊಂಡ. ಗಾದಿಗೆ ಬಂದ ಶಿವಲಿಂಗರುದ್ರಸರ್ಜ ಹಿರಿಯ ಹೆಂಡತಿ ರುದ್ರಮ್ಮನ ಮಗ. ಅವನೂ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಸತ್ತ. ಅವನ ಹೆಸರಿನಲ್ಲಿ ನಡೆದ ದತ್ತಕವನ್ನು ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಕೋಟೆಯ ಖಜಾನೆಗೆ ತನ್ನ ಕಾವಲು ಹಾಕಿಸಿದ. ಅಲ್ಲಿಂದ ಹೊತ್ತಿಕೊಂಡ ಜಗಳದಲ್ಲಿ ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಮುಂದೆಯೇ ಸತ್ತುಬಿದ್ದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು.

ಇಲ್ಲಿ ಇನ್ನೊಂದು ತಪ್ಪು ನುಸುಳುತ್ತದೆ. ಚೆನ್ನಮ್ಮ ಡಾಲ್‌ಹೌಸಿಯ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿಯ ವಿರುದ್ಧ ಹೋರಾಡಿದಳು ಎನ್ನುತ್ತಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಚೆನ್ನಮ್ಮ ಸತ್ತು ಹತ್ತೊಂಬತ್ತು ವರ್ಷವಾದ ಮೇಲೆ. ಕಿತ್ತೂರಿನ ಕಾಲಕ್ಕೆ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್, ಪುಣೆಯಲ್ಲಿ ಕಮಿಷನರ್ ಚಾಪ್ಲಿನ್. ನೀತಿಯ ಹೆಸರು ಬರುವ ಮೊದಲೇ ಕಂಪನಿ ಅದೇ ಕೆಲಸ ಮಾಡುತ್ತಿತ್ತು ಅನ್ನಿ, ಅದು ಸರಿಯಾದ ಮಾತು.

ಇಬ್ಬರೂ ವಿಧವೆಯರು, ಇಬ್ಬರ ಕಥೆಯಲ್ಲೂ ದತ್ತುಮಗು, ಇಬ್ಬರ ಎದುರಿಗೂ ತಮಗಿಂತ ದೊಡ್ಡ ಸೈನ್ಯ. ಗೊಂದಲ ಹುಟ್ಟುವುದು ಈ ಹೋಲಿಕೆಯಿಂದ. ಬರಿಯ 'ರಾಣಿ ಚೆನ್ನಮ್ಮ' ಎಂದಿರುವ ಬರಹ ಕೈಗೆ ಬಂದರೆ ಮೊದಲು ಶತ್ರು ಯಾರೆಂದು ನೋಡಿ. ಮೊಗಲರಾದರೆ ಕೆಳದಿ, ಕಂಪನಿಯಾದರೆ ಕಿತ್ತೂರು. ಶತ್ರುವಿನ ಹೆಸರಿಲ್ಲದಿದ್ದರೆ ಸುತ್ತಲಿನವರನ್ನು ನೋಡಿ. ಸಂಗೊಳ್ಳಿ ರಾಯಣ್ಣ, ಅಮಟೂರು ಬಾಳಪ್ಪ ಬಂದರೆ ಮಾತು ಮುಗಿಯಿತು, ಅದು ಕಿತ್ತೂರೇ. 1977ರ ಅಂಚೆಚೀಟಿ, 2007ರಲ್ಲಿ ಸಂಸತ್ ಭವನದ ಆವರಣದಲ್ಲಿ ನಿಂತ ಪ್ರತಿಮೆ, ಬೆಳಗಾವಿಯ ವಿಶ್ವವಿದ್ಯಾಲಯ, ಆ ಕಡೆಗೆ ಹೋಗುವ ರೈಲು, ಎಲ್ಲವೂ ಕಿತ್ತೂರಿನವಳ ಹೆಸರಿನವು. ಕಾಲು ಶತಮಾನ ರಾಜ್ಯ ನಡೆಸಿದ ಕೆಳದಿಯವಳಿಗೆ ಈ ಪಾಲಿನಲ್ಲಿ ಸಿಕ್ಕಿದ್ದು ಕಡಿಮೆ. ಅದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಮೂರನೆಯವಳೊಬ್ಬಳಿದ್ದಾಳೆ, ಗೇರುಸೊಪ್ಪೆಯ ಚೆನ್ನಭೈರಾದೇವಿ. ಹದಿನಾರನೆಯ ಶತಮಾನದ ಜೈನ ರಾಣಿ. ಪೋರ್ಚುಗೀಸರು 'ಮೆಣಸಿನ ರಾಣಿ' ಎಂದದ್ದು ಈಕೆಯನ್ನು. ಕೊನೆಗೆ ಸೋತದ್ದು ಕೆಳದಿಯ ವೆಂಕಟಪ್ಪ ನಾಯಕನಿಗೆ. ಕೆಳದಿಯ ಹೆಸರು ಇಲ್ಲಿಯೂ ಬರುವುದರಿಂದ ಅವಸರದಲ್ಲಿ ಓದುವವರು ಈಕೆಯನ್ನೂ ಚೆನ್ನಮ್ಮನ ಜೊತೆ ಕಲೆಸುತ್ತಾರೆ.

ಗ್ರಂಥಾಲಯದಲ್ಲಿ ಅಥವಾ ಅಂತರ್ಜಾಲದಲ್ಲಿ ಹುಡುಕುವಾಗ ಒಂದೇ ರೂಪ ಹಾಕಿ ಸುಮ್ಮನಾಗಬೇಡಿ. ಚೆನ್ನಮ್ಮ, ಚನ್ನಮ್ಮ, ಚೆನ್ನಮ್ಮಾಜಿ, ಮೂರನ್ನೂ ಹಾಕಿ. ಇಂಗ್ಲಿಷ್ ಬರಹದಲ್ಲಿ ಸಿ, ಎಚ್ ಆದ ಮೇಲೆ ಒಬ್ಬರು 'ಇ' ಹಾಕುತ್ತಾರೆ, ಇನ್ನೊಬ್ಬರು 'ಎ'. 'ಐ' ಹಾಕಿದರೆ ಅದು ಚಿನ್ನಮ್ಮ, ಬೇರೆಯೇ ಹೆಸರು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಹೂವಳ್ಳಿ ಚಿನ್ನಮ್ಮ ಗೊತ್ತು. ಮಲೆನಾಡಿನಲ್ಲಿ ಊರನ್ನು ಹೀಗೆ ಹೆಸರಿನ ಮುಂದಿಟ್ಟೇ ಕರೆಯುವುದು. ಕೆಳದಿ ಚೆನ್ನಮ್ಮ, ಕಿತ್ತೂರು ಚೆನ್ನಮ್ಮ ಎನ್ನುವಾಗ ಚರಿತ್ರೆಕಾರರು ಮಾಡುವುದೂ ಅದನ್ನೇ.

ಹಳ್ಳಿಯಲ್ಲಿ ಊರು ಒಂದೇ ಆದಾಗ ಈ ಉಪಾಯ ನಡೆಯುವುದಿಲ್ಲ. ಬಾಯಿಮಾತಿಗೆ ದೊಡ್ಡ ಚೆನ್ನಮ್ಮ, ಸಣ್ಣ ಚೆನ್ನಮ್ಮ ಸಾಕು. ಕಾಗದಕ್ಕೆ ಸಾಲದು. ಹಳೇ ಮೈಸೂರು ಸೀಮೆಯ ಪತ್ರಗಳಲ್ಲಿ 'ಚೆನ್ನಮ್ಮ ಕೋಂ ಸಿದ್ದೇಗೌಡ', ಅಂದರೆ ಸಿದ್ದೇಗೌಡನ ಹೆಂಡತಿ ಚೆನ್ನಮ್ಮ, ಎಂದು ಬರೆಯುತ್ತಾರೆ, ಉತ್ತರ ಕರ್ನಾಟಕದಲ್ಲಿ 'ಚನ್ನಮ್ಮ ಗಂಡ ಸಿದ್ದಪ್ಪ' ಎಂದು. ಇದೂ ಕೈಕೊಡುವ ಸಂದರ್ಭವಿದೆ. ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ರೂಢಿ. ಆ ಮೊಮ್ಮಗನಿಗೆ ಸೋದರ ಸಂಬಂಧದಲ್ಲೇ ಹೆಣ್ಣು ತಂದರೆ, ಅವಳಿಗೂ ಅಜ್ಜಿಯ ಹೆಸರೇ ಇರಬಹುದು. ಆಗ ಒಂದೇ ಮನೆಯಲ್ಲಿ ಎರಡು ತಲೆಮಾರಿನ ಅಂತರದಲ್ಲಿ ಇಬ್ಬರು 'ಚೆನ್ನಮ್ಮ ಕೋಂ ಸಿದ್ದೇಗೌಡ'! ಅಜ್ಜಿಯ ಹೆಸರಿನ ಜಮೀನನ್ನು ಮೊಮ್ಮಗನ ಹೆಂಡತಿ ತನ್ನದೇ ಎಂದು ಮಾರಲು ಹೊರಟರೂ ಹೆಸರು ನೋಡಿ ಯಾರೂ ತಡೆಯಲಾರರು.

ಬಿಡಿಸುವ ದಾರಿ ಪಹಣಿಯಲ್ಲೇ ಇದೆ. 9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು, ಪಕ್ಕದ 10ನೇ ಕಾಲಂನಲ್ಲಿ ಜಮೀನು ಅವರಿಗೆ ಬಂದ ರೀತಿ ಮತ್ತು ಎಂ.ಆರ್. ಸಂಖ್ಯೆ, ಅಂದರೆ ಹಕ್ಕು ಬದಲಾವಣೆಯ (ಮ್ಯುಟೇಷನ್) ದಾಖಲೆಯ ಸಂಖ್ಯೆ. ಆ ಸಂಖ್ಯೆ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಷನ್ ನಕಲು ತೆಗೆಸಿ. ಅದರಲ್ಲಿ ಯಾವ ವರ್ಷ, ಯಾರಿಂದ, ಕ್ರಯವೋ ವಿಭಾಗವೋ ಪೌತಿಯೋ (ಸತ್ತವರಿಂದ ವಾರಸಿಕೆಯಲ್ಲಿ ಬಂದದ್ದೋ) ಎಂಬುದು ತಿಳಿಯುತ್ತದೆ. ವರ್ಷ ತಿಳಿದರೆ ಅಜ್ಜಿಯೋ ಮೊಮ್ಮಗನ ಹೆಂಡತಿಯೋ ಎಂಬುದು ತಾನಾಗಿ ಗೊತ್ತಾಗುತ್ತದೆ. ಅಜ್ಜಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಎರಡನ್ನೂ ಇಟ್ಟು ಪೌತಿ ಖಾತೆಗೆ ಅರ್ಜಿ ಕೊಡಬೇಕು. ವಂಶವೃಕ್ಷದಲ್ಲಿ ಒಂದೇ ಹೆಸರಿನ ಇಬ್ಬರ ವಯಸ್ಸನ್ನೂ ಬರೆಸಿ. ಎಡವುವುದು ಹೆಚ್ಚಾಗಿ ಇಲ್ಲೇ.

ಒಬ್ಬಳೇ ಹೆಂಗಸಿನ ಹೆಸರು ದಾಖಲೆಗೊಂದು ರೂಪದಲ್ಲಿದ್ದರೆ ತೊಂದರೆ ತಿರುಗುಮುರುಗು. ರೇಷನ್ ಕಾರ್ಡಿನಲ್ಲಿ ಚೆನ್ನಮ್ಮ, ಬ್ಯಾಂಕಿನಲ್ಲಿ ಚಿನ್ನಮ್ಮ, ಆಧಾರ್‌ನಲ್ಲಿ ಚನ್ನಮ್ಮ ಎಸ್. ಎಂದಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿಯೂ ತಡೆಯಬಹುದು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಸಾಮಾನ್ಯವಾಗಿ ಎರಡೇ ಅವಕಾಶ. ಆದ್ದರಿಂದ ಮೊದಲು ಅದಕ್ಕೆ ಕೈಹಾಕಬೇಡಿ. ಎಲ್ಲ ಕಾಗದಗಳನ್ನೂ ಹರಡಿಕೊಂಡು, ಕನ್ನಡದಲ್ಲಿ ಯಾವ ರೂಪ, ಇಂಗ್ಲಿಷಿನಲ್ಲಿ ಯಾವ ಅಕ್ಷರ, ಇನಿಷಿಯಲ್ ಮುಂದೋ ಹಿಂದೋ ಎಂದು ಗೊತ್ತುಮಾಡಿಕೊಳ್ಳಿ. ಆಧಾರ್ ಸರಿಯಿದ್ದರೆ ಬ್ಯಾಂಕು, ರೇಷನ್ ಕಾರ್ಡುಗಳನ್ನು ಅದಕ್ಕೆ ಹೊಂದಿಸಿ. ಆಧಾರೇ ತಪ್ಪಿದ್ದರೆ ಮಾತ್ರ ಅದನ್ನು ತಿದ್ದಿಸಿ, ಸೇವಾಕೇಂದ್ರದಲ್ಲಿ ಕೊಡುವ ಚೀಟಿಯ ಎರಡೂ ಭಾಷೆಯ ಅಕ್ಷರಗಳನ್ನು ಓದಿ ನೋಡಿದ ಮೇಲೆಯೇ ಎದ್ದು ಬನ್ನಿ.

ನಮಸ್ಕಾರ.