ಮೇಜಿಗೆ ಮೊದಲು ಬಂದು ಕೂರುವವರು

ಎಲ್ಲರಿಗೂ ನಮಸ್ಕಾರ.

ನಾನು ಇಂದು ಮಾತನಾಡಬೇಕೆಂದುಕೊಂಡಿರುವುದು ಒಂದು ಮೇಜಿನ ಬಗ್ಗೆ. ವಾರಕ್ಕೊಮ್ಮೆ, ಗೊತ್ತಾದ ದಿನ ಬೆಳಗ್ಗೆ ಏಳೂವರೆಗೆ, ಕಚೇರಿಗೆ ಹೋಗುವ ಮುನ್ನ ಸಾಫ್ಟ್‌ವೇರ್, ನೆಟ್‌ವರ್ಕ್, ಹಾರ್ಡ್‌ವೇರ್ ಕೆಲಸದ ಕೆಲವರು ಒಟ್ಟಿಗೆ ತಿಂಡಿ ತಿನ್ನುವ ಮೇಜು. ಅಲ್ಲಿ ಭಾಷಣಕಾರರಿಲ್ಲ, ಕಾರ್ಯಸೂಚಿ ಇಲ್ಲ, ಹೆಸರು ನೋಂದಾಯಿಸುವ ಗೋಜಿಲ್ಲ. ತಿಂದದ್ದಕ್ಕೆ ಅವರವರೇ ದುಡ್ಡು ಕೊಡುತ್ತಾರೆ, ಒಂಬತ್ತಾಗುತ್ತಲೇ ಎದ್ದು ಹೊರಡುತ್ತಾರೆ. 12 ವರ್ಷಗಳಿಂದ ಹೀಗೆಯೇ ನಡೆದುಕೊಂಡು ಬಂದಿದೆ. ನನ್ನ ವೃತ್ತಿಯಲ್ಲಿ ಕಷ್ಟಕಾಲಕ್ಕೆ ಒದಗಿದ ವಿದ್ಯೆಯಲ್ಲಿ ಬಹುಪಾಲು ನನಗೆ ಸಿಕ್ಕಿದ್ದು ಆ ಮೇಜಿನಲ್ಲಿ. ಹಾಗಾಗಿ ಅದು ಹೇಗೆ ನಡೆಯುತ್ತದೆ, ಯಾಕೆ ಉಳಿದಿದೆ ಎಂಬುದನ್ನು ನಿಮ್ಮ ಮುಂದೆ ಇಡುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ.

ಒಂದು ಬೆಳಗಿನ ಸಂಗತಿಯಿಂದ ಶುರು ಮಾಡುತ್ತೇನೆ. ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗಿಯೊಬ್ಬಳು ಮೂರು ವಾರ ಬಂದಳು, ಏನೂ ಮಾತನಾಡದೆ ಕೇಳಿಸಿಕೊಂಡು ಹೋದಳು. ನಾಲ್ಕನೆಯ ವಾರ, ತಟ್ಟೆಗಳನ್ನು ಎತ್ತುತ್ತಿದ್ದ ಹೊತ್ತಿನಲ್ಲಿ, ಪಕ್ಕದಲ್ಲಿದ್ದ ಹಿರಿಯರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಸರ್, ನಮ್ಮಲ್ಲಿ ಡೇಟಾಬೇಸಿನ ಬ್ಯಾಕಪ್ ಪ್ರತಿ ರಾತ್ರಿ ಯಶಸ್ವಿ ಎಂದು ಬರುತ್ತದೆ. ಆದರೂ ನನಗೆ ಯಾಕೋ ಸಮಾಧಾನವಿಲ್ಲ." ಆ ಹಿರಿಯರು ಬುದ್ಧಿವಾದ ಹೇಳಲು ಹೋಗಲಿಲ್ಲ. "ಫೈಲಿನ ಗಾತ್ರ ನೋಡಿದ್ದೀರಾ?" ಎಂದು ಕೇಳಿದರು. ಅವಳು ಲ್ಯಾಪ್‌ಟಾಪ್ ತೆರೆದು ಪಟ್ಟಿ ತೋರಿಸಿದಳು. ತಿಂಗಳಿನ ಆರಂಭದಲ್ಲಿ ದೊಡ್ಡ ದೊಡ್ಡ ಸಂಖ್ಯೆಗಳಿದ್ದವು. ಆಮೇಲೆ ಒಂದರ ಕೆಳಗೊಂದು 20, 20, 20. ಹನ್ನೊಂದು ರಾತ್ರಿಗಳ ಬ್ಯಾಕಪ್, ಒಂದೊಂದೂ 20 ಬೈಟ್.

ಈ ಕೆಲಸ ಬಲ್ಲವರಿಗೆ ಆ ಸಂಖ್ಯೆ ಕಂಡೊಡನೆ ಎದೆ ಧಸಕ್ಕೆನ್ನುತ್ತದೆ. ಡೇಟಾಬೇಸಿನಿಂದ ಮಾಹಿತಿ ಹೊರತೆಗೆಯುವ ಆದೇಶ, ಅದರ ಮುಂದೆ ಒಂದು ಪೈಪ್, ಎಂದರೆ ಒಂದು ಆದೇಶ ಕೊಟ್ಟದ್ದನ್ನು ಮುಂದಿನದಕ್ಕೆ ದಾಟಿಸುವ ಕೊಂಡಿ, ಪೈಪಿನ ಆಚೆ ಮಾಹಿತಿಯನ್ನು ಕುಗ್ಗಿಸುವ ಜಿಜಿಪ್. ಪಾಸ್‌ವರ್ಡ್ ಬದಲಾಗಿದ್ದರಿಂದ ಮೊದಲ ಆದೇಶ ನಿಂತುಹೋಗುತ್ತಿತ್ತು. ಜಿಜಿಪ್‌ಗೆ ಸಿಗುತ್ತಿದ್ದುದು ಬರೀ ಶೂನ್ಯ. ಶೂನ್ಯವನ್ನೇ ಕುಗ್ಗಿಸಿ ಅದು 20 ಬೈಟ್‌ಗಳ ಫೈಲು ಬರೆದಿಡುತ್ತಿತ್ತು. ಬೇರೆ ಸೂಚನೆ ಕೊಡದಿದ್ದರೆ, ಈ ಆದೇಶಗಳನ್ನು ನಡೆಸುವ ಶೆಲ್ ನೋಡುವುದು ಪೈಪಿನ ಕೊನೆಯ ಆದೇಶದ ಫಲಿತಾಂಶವನ್ನು ಮಾತ್ರ. ಜಿಜಿಪ್ ತನ್ನ ಕೆಲಸ ಮುಗಿಸಿದ್ದರಿಂದ ಪ್ರತಿ ರಾತ್ರಿ 'ಯಶಸ್ವಿ'. ಪೈಪಿನ ಯಾವ ಆದೇಶ ಸೋತರೂ ಸೋಲೆಂದೇ ಎಣಿಸುವಂತೆ ಶೆಲ್‌ಗೆ ಹೇಳುವ ಸೂಚನೆಯೊಂದಿದೆ; ಹಿರಿಯರು ಪೇಪರ್ ಕರವಸ್ತ್ರದ ಮೇಲೆ ಅದರ ಹೆಸರನ್ನು, 'ಪೈಪ್‌ಫೇಲ್' ಎಂದು ಬರೆದು ಕೊಟ್ಟು, ಹಿಂದೊಮ್ಮೆ ಇದೇ ತಪ್ಪಿನಿಂದ ತಾವು ಮೂರು ದಿನಗಳ ದಾಖಲೆ ಕಳೆದುಕೊಂಡ ಕಥೆಯನ್ನು ಹೇಳಿದರು. ಅವಳು ಕುಳಿತಲ್ಲಿಂದಲೇ ಕಚೇರಿಗೆ ಫೋನ್ ಮಾಡಿದಳು.

ಯೋಚಿಸಿ ನೋಡಿ. ಇದನ್ನು ಅವಳು ತನ್ನ ಕಚೇರಿಯಲ್ಲೇ ಕೇಳಬಹುದಿತ್ತಲ್ಲ? ಕೇಳಲು ಅವಳಿಗೆ ಬಾಯಿ ಬಂದಿರಲಿಲ್ಲ. ಕಚೇರಿಯಲ್ಲಿ ಪ್ರಶ್ನೆಗೆ ಬೆಲೆ ತೆರಬೇಕಾಗುತ್ತದೆ: ಗೊತ್ತಿಲ್ಲವೆಂಬುದು ಗೊತ್ತಾಗಿಬಿಡುತ್ತದೆ, ಯಾರದೋ ಸ್ಕ್ರಿಪ್ಟ್ ತಪ್ಪೆಂದು ಬೆರಳು ತೋರಿಸಿದಂತಾಗುತ್ತದೆ. ಸಭಾಂಗಣದಲ್ಲಿ ಕೇಳಬೇಕೆಂದರೆ ನೂರು ಜನರ ಎದುರು ಎದ್ದು ನಿಲ್ಲಬೇಕು. ತಟ್ಟೆಯ ಮುಂದೆ ಕುಳಿತವರು ಯಾರಿಗೂ ಮೇಲಧಿಕಾರಿಯಲ್ಲ, ಯಾರಿಗೂ ಕೈಕೆಳಗಿನವರಲ್ಲ.

ಇದು ನಮ್ಮೊಬ್ಬರದೇ ಅನುಭವವೆಂದು ನಾನು ಬಹುಕಾಲ ನಂಬಿದ್ದೆ. ಆಮೇಲೆ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರ ಅಧ್ಯಯನದ ಪರಿಚಯವಾಯಿತು. ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದ ಅವರು 1980ರ ದಶಕದಲ್ಲಿ ಫೋಟೊಕಾಪಿ ಯಂತ್ರ ದುರಸ್ತಿ ಮಾಡುವ ತಂತ್ರಜ್ಞರ ಜೊತೆ ತಿರುಗಾಡಿ, ಅವರು ಹೇಗೆ ಕೆಲಸ ಮಾಡುತ್ತಾರೆಂದು ಬರೆದಿಟ್ಟರು. ಕಂಪನಿ ತಂತ್ರಜ್ಞರ ಕೈಗೆ ದಪ್ಪ ಕೈಪಿಡಿ ಕೊಟ್ಟಿತ್ತು. ಈ ದೋಷಸಂಖ್ಯೆ ಕಂಡರೆ ಈ ಭಾಗ ಬದಲಿಸು, ಆ ಸಂಖ್ಯೆ ಕಂಡರೆ ಅದನ್ನು ಪರೀಕ್ಷಿಸು ಎಂಬ ಬಗೆಯದು. ಯಂತ್ರಗಳು ಕೈಪಿಡಿಯ ಪ್ರಕಾರ ಕೆಡುತ್ತಿರಲಿಲ್ಲ. ಓರ್ ಕಂಡದ್ದೇನೆಂದರೆ, ತಂತ್ರಜ್ಞರ ದಿನ ಮೊದಲ ಗಿರಾಕಿಯ ಕರೆಗಿಂತ ಮುಂಚೆಯೇ, ಒಟ್ಟಿಗೆ ಕುಳಿತು ತಿನ್ನುವ ಬೆಳಗಿನ ತಿಂಡಿಯಿಂದಲೇ ಶುರುವಾಗುತ್ತಿತ್ತು. ಇಸ್ಪೀಟು ಆಡುತ್ತ, ಊರಿನ ಸುದ್ದಿ ಆಡುತ್ತ, ನಡುನಡುವೆ ನಿನ್ನೆ ಕಾಡಿದ ಯಂತ್ರದ ಕಥೆ ಹೇಳುತ್ತಿದ್ದರು. ಹೊರಗಿನವರಿಗೆ ಹರಟೆಯಂತೆ ಕಾಣುವ ಆ ಮಾತಿನಲ್ಲೇ ಯಂತ್ರದ ಮರ್ಮ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ಓರ್ ಪಕ್ಕದಲ್ಲೇ ನಿಂತು ನೋಡಿದ ಒಂದು ಪ್ರಸಂಗದಲ್ಲಿ, ಯಂತ್ರ ತೋರಿಸುತ್ತಿದ್ದ ದೋಷಸಂಖ್ಯೆಯೇ ದಾರಿ ತಪ್ಪಿಸುವಂಥದ್ದು. ತಂತ್ರಜ್ಞ ಮತ್ತು ತಜ್ಞ ಇಬ್ಬರೂ ಯಂತ್ರದ ಮುಂದೆ ಕುಳಿತು, 'ಅಲ್ಲೊಮ್ಮೆ ಹೀಗಾಗಿತ್ತು' ಎಂದು ಹಳೆಯ ಪ್ರಸಂಗಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳುತ್ತ ಕೊನೆಗೆ ನಿಜವಾದ ದೋಷವನ್ನು ಹಿಡಿದರು. 1990ರ ದಶಕದಲ್ಲಿ ಅದೇ ಕಂಪನಿ ತಂತ್ರಜ್ಞರ ಸಲಹೆಗಳನ್ನು ಕೂಡಿಡಲು 'ಯುರೇಕಾ' ಎಂಬ ವ್ಯವಸ್ಥೆಯನ್ನೇ ಕಟ್ಟಿತು.

ಕಥೆ ಎಂಬ ಪದವನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ನಮ್ಮ ಕ್ಷೇತ್ರದಲ್ಲಿ ದಾಖಲೆಪತ್ರಗಳು ಹೇಳುವುದು ವ್ಯವಸ್ಥೆ ಹೇಗೆ ನಡೆಯಬೇಕು ಎಂಬುದನ್ನು. ಅದು ಹೇಗೆ ಮುರಿದು ಬೀಳುತ್ತದೆ ಎಂಬುದನ್ನು ತಿಳಿಯಬೇಕಾದರೆ ಕೈ ಸುಟ್ಟುಕೊಂಡವರ ಬಾಯಿಂದಲೇ ಕೇಳಬೇಕು, ಮತ್ತು ಅವರು ಹೇಳುವ ಮನಸ್ಸು ಮಾಡಬೇಕಾದರೆ ಎದುರಿಗೆ ಧ್ವನಿಮುದ್ರಣ ಯಂತ್ರ ಇರಬಾರದು.

ಈಗ ಉದ್ಯೋಗದ ವಿಷಯ. ಈ ಮೇಜಿನಿಂದ ಕೆಲಸ ಸಿಕ್ಕವರು ಅನೇಕರಿದ್ದಾರೆ. ಇದರ ಹಿಂದಿನ ತರ್ಕವನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದಾರೆ. ಪರಿಚಯದ ಮೂಲಕ ಕೆಲಸ ಕಂಡುಕೊಂಡವರನ್ನು, 'ಆ ಪರಿಚಿತರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ?' ಎಂದು ಅವರು ಕೇಳಿದರು. ಪದೇ ಪದೇ ಎಂದವರು ಶೇಕಡ 16.7, ಆಗೊಮ್ಮೆ ಈಗೊಮ್ಮೆ ಎಂದವರು ಶೇಕಡ 55.6, ಅಪರೂಪಕ್ಕೆ ಎಂದವರು ಶೇಕಡ 27.8. ಆಪ್ತ ಗೆಳೆಯರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಬಳಗದಲ್ಲಿ ಓಡಾಡುವವರಿಂದ. ಗ್ರಾನೊವೆಟರ್ ಅವರ ಅಳತೆಯಲ್ಲಿ 'ಪದೇ ಪದೇ' ಎಂದರೆ ವಾರಕ್ಕೆ ಎರಡು ಸಲವಾದರೂ. ಹಾಗೆಂದರೆ ವಾರಕ್ಕೊಮ್ಮೆ ತಿಂಡಿಗೆ ಸಿಗುವವರು ಸರಿಯಾಗಿ ಆ ನಡುವಿನ ದೊಡ್ಡ ಗುಂಪಿಗೇ ಸೇರುತ್ತಾರೆ. ಇದನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೂ, ಕೆಲಸ ಹುಡುಕಲೆಂದೇ ಬಂದವರು ಎರಡು ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಬೆಳಗ್ಗೆಯೇ ಯಾಕೆ? ಸಂಜೆಯ ಸಭೆಗೆ ಕೊನೆಯಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವವರು ಮೊದಲು ಎದ್ದು ಹೋಗುತ್ತಾರೆ, ಒಳ್ಳೆಯ ಮಾತು ಅವರು ಹೋದ ಮೇಲೆ ನಡೆಯುತ್ತದೆ. ಬೆಳಗಿನ ಸಭೆಗೆ ಕಚೇರಿಯ ಗಡಿಯಾರವೇ ಕೊನೆ ಹಾಕುತ್ತದೆ, ಎಲ್ಲರೂ ಒಟ್ಟಿಗೆ ಏಳುತ್ತಾರೆ. ಹದಿನೆಂಟನೆಯ ಶತಮಾನದ ಬರ್ಮಿಂಗ್‌ಹ್ಯಾಮಿನಲ್ಲಿ ಲೂನಾರ್ ಸೊಸೈಟಿ ಎಂಬ ಕೂಟವಿತ್ತು. ಉಗಿಯಂತ್ರದ ಜೇಮ್ಸ್ ವ್ಯಾಟ್, ರಸಾಯನಶಾಸ್ತ್ರಜ್ಞ ಜೋಸೆಫ್ ಪ್ರೀಸ್ಟ್ಲಿ, ವೈದ್ಯ ಎರಾಸ್ಮಸ್ ಡಾರ್ವಿನ್ ಮೊದಲಾದವರು ಅಲ್ಲಿ ಊಟಕ್ಕೆ ಸೇರುತ್ತಿದ್ದರು. ಬೀದಿದೀಪಗಳಿಲ್ಲದ ಕಾಲ, ಹಿಂದಿರುಗುವ ದಾರಿಗೆ ಬೆಳಕಿರಲೆಂದು ಹುಣ್ಣಿಮೆಯ ಆಸುಪಾಸಿನ ದಿನವನ್ನೇ ಆರಿಸಿಕೊಳ್ಳುತ್ತಿದ್ದರು. ಬಂದವರು ಮನೆಗೆ ಹೇಗೆ ತಲುಪುತ್ತಾರೆ ಎಂಬುದನ್ನು ಮೊದಲೇ ಯೋಚಿಸಿದ ಆ ಕಾಳಜಿ ನನಗೆ ತುಂಬ ಇಷ್ಟ. ಹಾಗೆ ನೋಡಿದರೆ ನಮ್ಮ ಬೆಳಗಿನ ಹೊತ್ತೂ ಎಲ್ಲರಿಗೂ ಒದಗುವುದಿಲ್ಲ. ರಾತ್ರಿ ಪಾಳಿಯವರು ಬರಲಾರರು, ಮಕ್ಕಳನ್ನು ಶಾಲೆಗೆ ಕಳುಹಿಸಬೇಕಾದವರಿಗೆ ಕಷ್ಟ. ಇದಕ್ಕೆ ಪರಿಹಾರ ನಮಗಿನ್ನೂ ಸಿಕ್ಕಿಲ್ಲ.

ಕೂರುವ ಬಗೆಯ ಕುರಿತು ಒಂದು ಮಾತು. ಮನಶ್ಶಾಸ್ತ್ರಜ್ಞ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾನಾಗಿ ಕೂಡಿಕೊಳ್ಳುವ ಮಾತುಕತೆಯ ಗುಂಪು ಸುಮಾರು ನಾಲ್ಕು ಜನಕ್ಕೆ ನಿಲ್ಲುತ್ತದೆ, ಐದನೆಯವರು ಸೇರಿದರೆ ಒಡೆಯತೊಡಗುತ್ತದೆ. ನಮ್ಮಲ್ಲಿ ಹದಿನಾಲ್ಕು ಜನ ಬಂದ ದಿನ ಮೂರೋ ನಾಲ್ಕೋ ಮಾತುಕತೆಗಳು ನಡೆಯುತ್ತವೆ, ಮೇಜಿನ ತುದಿಯಲ್ಲಿ ಕುಳಿತವರು ಯಾವುದಕ್ಕೂ ಸೇರದೆ ಉಳಿಯುತ್ತಾರೆ. ಹೊಸಬರು ಸಂಕೋಚದಿಂದ ತುದಿಯನ್ನೇ ಹುಡುಕುತ್ತಾರೆ. ಆದ್ದರಿಂದ ನಮ್ಮದೊಂದು ಅಲಿಖಿತ ನಿಯಮ: ನಡುವಿನ ಒಂದು ಕುರ್ಚಿ ಸದಾ ಖಾಲಿ, ಹಳಬರು ತುದಿಗೆ.

ಬೆಳೆಸಿ, ದೊಡ್ಡದು ಮಾಡಿ ಎಂದು ಹೇಳುವವರು ಪ್ರತಿ ವರ್ಷ ಬರುತ್ತಾರೆ. ಪ್ರಾಯೋಜಕರು ತಿಂಡಿಯ ಖರ್ಚು ಕೊಡುತ್ತೇವೆ, ಹತ್ತು ನಿಮಿಷ ಮಾತನಾಡಲು ಬಿಡಿ ಎನ್ನುತ್ತಾರೆ. ಉಪನ್ಯಾಸವಿರುವ ಬೆಳಗಿನ ಕೂಟಗಳ ಬಗ್ಗೆ ನನಗೆ ಗೌರವವಿದೆ. 2008ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಕ್ರಿಯೇಟಿವ್ ಮಾರ್ನಿಂಗ್ಸ್ ತಿಂಗಳಿಗೊಂದು ಉಪನ್ಯಾಸದ ಕ್ರಮದಲ್ಲೇ ಎಷ್ಟೋ ನಗರಗಳಿಗೆ ಹರಡಿತು. ಅದರ ಉದ್ದೇಶ ಬೇರೆ. ನಮ್ಮ ಮೇಜಿಗೆ ಹತ್ತು ನಿಮಿಷದ ಭಾಷಣ ಬಂದ ದಿನ, ಆ 20 ಬೈಟ್‌ಗಳ ಪ್ರಶ್ನೆ ಕೇಳಿದ ಹುಡುಗಿ ಮತ್ತೆ ಬರೀ ಕೇಳಿಸಿಕೊಂಡು ಹೋಗುವವಳಾಗಿಬಿಡುತ್ತಾಳೆ. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಮೊದಲು ಸೇರಿದ, ತಾವೇ ಕಂಪ್ಯೂಟರ್ ಕಟ್ಟುವ ಹವ್ಯಾಸಿಗಳ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮುಂದೆ ಸಭಾಂಗಣಕ್ಕೆ ಹೋಗುವಷ್ಟು ಬೆಳೆಯಿತು. ಅಲ್ಲೂ ಸಭೆ ನಡೆಸುತ್ತಿದ್ದ ಲೀ ಫೆಲ್ಸೆನ್‌ಸ್ಟೀನ್ ಒಂದು ಹೊತ್ತನ್ನು ಬಿಡಿಯಾಗಿ ಇಟ್ಟಿದ್ದರು. ಯಾರಿಗೆ ಯಾರು ಬೇಕೋ ಅವರನ್ನು ಹುಡುಕಿಕೊಂಡು ಹೋಗಿ ಮಾತನಾಡುವ, ಭಾಗಗಳನ್ನು ಕೊಟ್ಟು ತೆಗೆದುಕೊಳ್ಳುವ ಹೊತ್ತು ಅದು. ನಾವು ಆ ಹೊತ್ತನ್ನಷ್ಟೇ ಉಳಿಸಿಕೊಂಡಿದ್ದೇವೆ.

ಹಾಗಾದರೆ ಇದನ್ನು ನಡೆಸಲು ಏನು ಬೇಕು ಎಂದು ನೀವು ಕೇಳಬಹುದು. ಯಾರಾದರೊಬ್ಬರು ಏಳೂವರೆಗೆ ಮೊದಲೇ ಬಂದು ಕುಳಿತಿರಬೇಕು. ಮಳೆ ಬರಲಿ, ಪರೀಕ್ಷೆಯ ಕಾಲವಿರಲಿ, ಸಾಲು ರಜೆ ಇರಲಿ. ದಿನ ಬದಲಿಸಬಾರದು, ಜಾಗ ಬದಲಿಸಬಾರದು, 'ಈ ವಾರ ಇದೆಯಾ?' ಎಂಬ ಪ್ರಶ್ನೆ ಹುಟ್ಟಲೇಬಾರದು. ನಮ್ಮಲ್ಲಿ ಈಗ ಆ ಕೆಲಸವನ್ನು ನಾಲ್ವರು ಹಂಚಿಕೊಂಡಿದ್ದೇವೆ.

ಮೂರನೆಯ ವರ್ಷದ ಮಳೆಗಾಲದಲ್ಲಿ ಒಂದು ವಾರ ಯಾರೂ ಬರಲಿಲ್ಲ. ಒಂಬತ್ತರವರೆಗೂ ನಾನೊಬ್ಬನೇ ಕುಳಿತಿದ್ದೆ. ಇನ್ನು ಸಾಕು, ನಿಲ್ಲಿಸಿಬಿಡೋಣ ಎಂದು ಅಂದು ನಿಜವಾಗಿಯೂ ಅಂದುಕೊಂಡೆ. ಎರಡು ತಿಂಗಳು ಕಳೆದ ಮೇಲೆ ಹೊಸಬರೊಬ್ಬರು ಬಂದು ನಡುವಿನ ಕುರ್ಚಿಯಲ್ಲಿ ಕುಳಿತರು. ಸ್ವಲ್ಪ ಹೊತ್ತಿನ ನಂತರ ಹೇಳಿದರು: "ಆ ಮಳೆಯ ದಿನ ನಾನು ಬಾಗಿಲವರೆಗೆ ಬಂದಿದ್ದೆ. ಗಾಜಿನಾಚೆ ನೀವೊಬ್ಬರೇ ಕುಳಿತಿದ್ದಿರಿ. ಒಳಗೆ ಬರಲು ಧೈರ್ಯ ಸಾಲಲಿಲ್ಲ. ಆದರೆ ಇನ್ನೊಂದು ದಿನ ಬಂದರೂ ನೀವು ಇಲ್ಲೇ ಇರುತ್ತೀರಿ ಎಂದು ಅವತ್ತೇ ಗೊತ್ತಾಯಿತು."

ಮೇಜಿಗೆ ಮೊದಲು ಬಂದು ಕೂರುವ ಆ ನಾಲ್ವರಲ್ಲಿ ಅವರೂ ಒಬ್ಬರು. ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಇಲ್ಲಿ ಕೇಳಲು ಸಂಕೋಚವಾದರೆ ಸಭೆ ಮುಗಿದ ಮೇಲೆ ನಾನು ಹೊರಗಿನ ಬೆಂಚಿನಲ್ಲಿ ಕುಳಿತಿರುತ್ತೇನೆ.